ಒಂಬತ್ತು ದಿನಗಳ ಹೇಳಿಕೆ

ಮೈಸೂರು ಇನ್ನೂ ಮಹಾರಾಜರ ದೇಶ. ಅದರ ಉತ್ತರಕ್ಕೆ ಧಾರವಾಡದ ಕಡೆಯವರ ಕಿತ್ತೂರು ದೇಶ, ಕಲಬುರಗಿ ಕಡೆಯವರ ಕಲ್ಯಾಣ ದೇಶ. ಕನ್ನಡ ಮೂರಕ್ಕೂ ಒಂದೇ, ಪಾಸ್‌ಪೋರ್ಟ್ ಮಾತ್ರ ಮೂರು. ಈ ವರ್ಷ ಉತ್ತರದ ಎರಡು ದೇಶಗಳು ಒಂದಾಗುತ್ತೇವೆಂದು ಹೊರಟಾಗ ಮಹಾರಾಜರಿಗೆ ಊಟ ಸೇರಲಿಲ್ಲ. ಇಂದು ಅವು ಕೂಡಿಕೊಂಡರೆ ನಾಳೆ ತಮ್ಮ ಪ್ರಜೆಗಳೂ ನಾವೂ ಸೇರುತ್ತೇವೆ ಎಂದಾರೆಂಬ ಹೊಟ್ಟೆನೋವು. ತಕರಾರು ಎತ್ತಿದರು. ವಿಚಾರಣೆಯ ಅಂತಾರಾಷ್ಟ್ರೀಯ ಮಂಡಳಿ ಯಾರಿಗೂ ಸೇರದ ಊರೆಂದು ನೈರೋಬಿಯನ್ನು ಆರಿಸಿಕೊಂಡು, ವೆಸ್ಟ್‌ಲ್ಯಾಂಡ್ಸ್‌ನ ಹೋಟೆಲೊಂದರಲ್ಲಿ ಬಂದು ಕುಳಿತಿತು.

ಅದೇ ನೈರೋಬಿಯ ಹೈರಿಡ್ಜ್ ಬಡಾವಣೆಯ ಚಕ್ರಪಾಣಿಯವರಿಗೆ ಇದೆಲ್ಲ ಬೇಕಿರಲಿಲ್ಲ. ಮೈಸೂರಿನವರು, ಔಷಧಿ ಕಾರ್ಖಾನೆಯ ಕ್ವಾಲಿಟಿ ಮ್ಯಾನೇಜರ್. ಅವರ ಚಿಂತೆ ಒಂದೇ. ಮಗಳು ವಿಭಾ ಮೈಸೂರಿನಲ್ಲಿ ಎಂಟು ತಿಂಗಳ ಬಸುರಿ, ಬಿಪಿ ಏರಿ ಮಲಗಿದ್ದಳು. ಹೆಂಡತಿ ವತ್ಸಲಾ ಹೋಗಲೇಬೇಕು. ಆದರೆ ಆಕೆಯ ಪಾಸ್‌ಪೋರ್ಟ್ ನವೀಕರಣದ ಅರ್ಜಿ ಆರು ವಾರದಿಂದ ಮೈಸೂರು ದೂತಾವಾಸದಲ್ಲಿ ಕೊಳೆಯುತ್ತಿತ್ತು.

ಅಲ್ಲಿನ ಅಧಿಕಾರಿ ಸುನಿಲ್ ಕಾಫಿ ತರಿಸಿಕೊಟ್ಟ.

"ನಿಮ್ಮ ಮೇಲಿನ ಫ್ಲ್ಯಾಟಲ್ಲಿ ಈರಣ್ಣ ಅಂತ ಇದಾರಲ್ಲ ಸರ್, ಅವ್ರು ಧಾರವಾಡ, ಮಿಸೆಸ್ಸು ಕಲಬುರಗಿ. ಒಂದ್ಸಲ ಆಯಮ್ಮ ಗಂಡನ್ನ ಬಿಟ್ಟು ನಿಮ್ಮನೇಲಿ ಇದ್ರಂತೆ. ಅದನ್ನ ಬರ್ದುಕೊಡಿ. ಒಂದು ಮನೇಲಿ ಬಾಳಕ್ಕಾಗ್ದೋರು ಒಂದು ದೇಶದಲ್ಲಿ ಹೇಗೆ ಬಾಳ್ತಾರೆ ಅಂತ ನಮ್ಮ ಲಾಯರ್ ಕೇಳ್ತಾರೆ, ಅಷ್ಟೆ. ಮೇಡಂ ಪಾಸ್‌ಪೋರ್ಟು ನಾಳೆನೇ ರೆಡಿ."

ಈರಣ್ಣನ ಹೆಂಡತಿ ಪಾರ್ವತಿ ಬಂದಿದ್ದು ನಿಜ. ನಾಲ್ಕು ವರ್ಷದ ಹಿಂದೆ ಆಕೆಯ ಮೊದಲ ಕೂಸು ಹುಟ್ಟಿದ ದಿನವೇ ತೀರಿಕೊಂಡಿತು. ಆ ಮನೆಯಲ್ಲಿ ತೊಟ್ಟಿಲು ನೋಡಲಾರೆನೆಂದು ಅವಳು ಕೆಳಗಿಳಿದು ಬಂದಳು. ಒಂಬತ್ತು ದಿನ ವತ್ಸಲಾ ಅವಳಿಗೆ ಎಣ್ಣೆ ಹಚ್ಚಿ ನೀರು ಹಾಕಿದಳು, ಸಾರನ್ನ ಕಲಸಿ ತಿನ್ನಿಸಿದಳು. ಆ ಒಂಬತ್ತು ದಿನವೂ ಈರಣ್ಣ ಮೆಟ್ಟಿಲ ಮೇಲೆ ಕುಳಿತು ಚಕ್ರಪಾಣಿಯವರ ಕೈ ಹಿಡಿದು ಅತ್ತಿದ್ದ.

ಚಕ್ರಪಾಣಿ ಮೂವತ್ತು ವರ್ಷ ಮಾತ್ರೆಗಳ ದಾಖಲೆಗೆ ಸಹಿ ಹಾಕಿದ ಮನುಷ್ಯ. ಸುಳ್ಳು ಬರೆಯುವ ಜಾಯಮಾನವಲ್ಲ. ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಹೆಂಡತಿ ಗಂಡನನ್ನು ಬಿಟ್ಟು ನಮ್ಮಲ್ಲಿದ್ದರು, ಅವನೊಡನೆ ಮಾತಾಡಲಿಲ್ಲ ಎಂದು ಅಚ್ಚುಕಟ್ಟಾಗಿ ಬರೆದರು. ಒಂದಕ್ಷರವೂ ಸುಳ್ಳಲ್ಲ. ಕೂಸಿನ ವಿಷಯ ಬರೆಯಲಿಲ್ಲ. ಪರರ ದುಃಖವನ್ನು ಕೋರ್ಟು ಕಚೇರಿಗೆ ಎಳೆಯಬಾರದು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಮನುಷ್ಯ ಹೇಡಿಯಾಗುವಾಗಲೂ ಎಷ್ಟು ಮರ್ಯಾದಸ್ಥನಾಗಿರುತ್ತಾನೆ ನೋಡಿ.

ಪಾಸ್‌ಪೋರ್ಟ್ ಬಂತು. ವತ್ಸಲಾ ಅದನ್ನು ದೇವರ ಮುಂದಿಟ್ಟು, ಹೇಗೆ ಸಿಕ್ಕಿತು ಎಂದು ಕೇಳಿದಳು. ಚಕ್ರಪಾಣಿ ಹೇಳಿದರು. ಅವಳು ಆ ದಿನ ಅಡುಗೆ ಮಾಡಲಿಲ್ಲ, ಮರುದಿನ ಮಾತ್ರ ಸೂಟ್‌ಕೇಸ್ ಇಳಿಸಿ ಕೂಸಿಗೆ ಹೊಲಿದ ಅಂಗಿಗಳನ್ನು ಜೋಡಿಸತೊಡಗಿದಳು.

ಮುಂದಿನ ವಾರ ಹೇಳಿಕೆಯನ್ನು ವಿಚಾರಣೆಯಲ್ಲಿ ಓದಿದರು. ಹೆಸರಿರಲಿಲ್ಲ, ಆದರೆ ನೈರೋಬಿಯಲ್ಲಿ ಕಲಬುರಗಿಯ ಹುಡುಗಿಯನ್ನು ಮದುವೆಯಾದ ಧಾರವಾಡದವರು ಎಷ್ಟು ಜನ ಸಿಕ್ಕಾರು? ಸಂಜೆಯೊಳಗೆ ಎಲ್ಲರ ಫೋನಿಗೂ ಸುದ್ದಿ ಮುಟ್ಟಿತು. ಮಂಡಳಿ ತೀರ್ಪನ್ನು ಮುಂದಕ್ಕೆ ಹಾಕಿತು. ಮಹಾರಾಜರಿಗೆ ಅಷ್ಟೇ ಬೇಕಾಗಿತ್ತು.

ವಿಜಯದಶಮಿ ಬಂತು. ಮರುದಿನ ವತ್ಸಲಾಳ ವಿಮಾನ. ಪ್ರತಿ ವರ್ಷ ಈ ದಿನ ಈರಣ್ಣ ಎಂಬಕಸಿಯ ತನ್ನ ಗೋದಾಮಿನ ಹಿಂದಿನ ಮುಳ್ಳುಮರದಿಂದ ಎಲೆ ತರಿದು ತಂದು, ಇದೇ ನಮ್ಮ ಬನ್ನಿ ಎಂದು ಹಂಚಿ, ಹಿರಿಯರಾದ ಚಕ್ರಪಾಣಿಯವರ ಕಾಲು ಮುಟ್ಟುತ್ತಿದ್ದ. ಅವನು ಬಾರದಿದ್ದರೆ ಸಾಕೆಂದು ಒಮ್ಮೆ, ಬಂದುಬಿಡಲಿ ಎಂದು ಒಮ್ಮೆ ಅನ್ನಿಸಿ ಅವರು ಬೆಳಗಿನಿಂದ ಬಾಗಿಲ ಬಳಿಯೇ ಕುಳಿತಿದ್ದರು.

ಬಂದವಳು ಪಾರ್ವತಿ. ಕೈಯಲ್ಲಿ ಎಲೆಗಳಿದ್ದವು.

"ಅವರು ಮ್ಯಾಲೇ ಕುಂತಾರ, ಇಳಿಯಂಗಿಲ್ಲ ಅಂದ್ರು," ಎಂದಳು. "ಅಣ್ಣೋರೆ, ಒಂಬತ್ತೂ ದಿನ ಬರ್ದೀರಿ. ನನ್ನ ಕೂಸಿಂದು ಯಾಕ ಬರೀಲಿಲ್ರಿ?"

ಚಕ್ರಪಾಣಿ ಕುಳಿತಲ್ಲಿಂದ ಎದ್ದು ನಿಂತರು.

"ಇನ್ನೊಂದು ಹಾಳಿ ಬರ್ದು ಕೊಡ್ರಿ. ಕೂಸು ಸತ್ತಿತ್ತು, ಅದಕ್ಕ ಬಂದಿದ್ಳು ಅಂತ, ಅಷ್ಟೇ. ಅದು ಹುಟ್ಟಿತ್ತು ಅಂಬೋದು ನಿಮ್ಮ ಮನಿಯವರಿಗಲ್ದೆ ಬ್ಯಾರೆ ಯಾರಿಗಿ ಗೊತ್ತದ?"

ಬರೆದುಕೊಟ್ಟರೆ ದೂತಾವಾಸ ಪಾಸ್‌ಪೋರ್ಟ್ ರದ್ದು ಮಾಡುವುದು ಖಂಡಿತ. ಅವರು ಹೆಂಡತಿಯ ಮುಖ ನೋಡಿದರು. ಬರೆಯಿರಿ ಎಂದು ಅವಳು ಅಂದಿದ್ದರೆ ಬರೆಯುತ್ತಿದ್ದರೇನೋ. ವತ್ಸಲಾ ತುಟಿ ತೆರೆದಳು. ಮೂಲೆಯಲ್ಲಿ ಕಟ್ಟಿಟ್ಟ ಸೂಟ್‌ಕೇಸಿನತ್ತ ಒಮ್ಮೆ ನೋಡಿದಳು. ತುಟಿ ಮುಚ್ಚಿದಳು.

ಪಾರ್ವತಿ ಅದನ್ನು ನೋಡಿದಳು. ಎರಡು ಎಲೆ ಆರಿಸಿ ವತ್ಸಲಾಳ ಅಂಗೈಗಿಟ್ಟಳು.

"ಒಂದು ವಿಭಾಳಿಗಿ ಕೊಡ್ರಿ ಅಕ್ಕೋರೆ. ಆಕಿ ಕೂಸು ಛಂದ ಇರ್ಲಿ."

ಚಕ್ರಪಾಣಿ ಅಭ್ಯಾಸಬಲದಿಂದ ಕೈ ಒಡ್ಡಿದ್ದರು. ಪಾರ್ವತಿ ಉಳಿದ ಎಲೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಮೆಟ್ಟಿಲು ಹತ್ತಿದಳು. ಮೇಲೆ ಬಾಗಿಲು ಹಾಕಿದ ಸದ್ದು ಕೇಳಿದ ಮೇಲೂ ಅವರು ಆ ಕೈಯನ್ನು ಹಿಂದಕ್ಕೆ ತೆಗೆದುಕೊಂಡಿರಲಿಲ್ಲ.