ಬೆಂಬಲಕ್ಕೆ ಬಂದವರು

ಸಹಾಯ ಮಾಡುತ್ತೇವೆಂದು ಬರುವವರಿಗೆ ಮೊದಲು ತಿಂಡಿ ಮಾಡಿಡಬೇಕು ಎಂಬುದು ವಾರಿಜಾಕ್ಷಿಗೆ ಈ ಮೂರು ವರ್ಷಗಳಲ್ಲಿ ಚೆನ್ನಾಗಿ ಮನದಟ್ಟಾಗಿತ್ತು. ಗಂಡ ಕೃಷ್ಣರಾಜನ ಎಡಪಕ್ಕೆಗೆ ಸರ್ಪಸುತ್ತು ಎದ್ದು, ತಿಂಗಳಲ್ಲಿ ಬೊಕ್ಕೆ ಒಣಗಿತು; ಉರಿ ಮಾತ್ರ ಉಳಿಯಿತು. ನರದ ನೋವು, ಕೆಲವರಿಗೆ ಹೀಗೆ ಉಳಿದುಬಿಡುತ್ತದೆ ಎಂದು ಹೇಳಿ ಡಾಕ್ಟರು ಕೈತೊಳೆದುಕೊಂಡರು. ಅದು ಕೆರಳಿದಾಗಲೆಲ್ಲ ಪಕ್ಕದಲ್ಲಿ ಒಬ್ಬರು ಇರಬೇಕು. ಆ ಒಬ್ಬರು ಯಾವಾಗಲೂ ವಾರಿಜಾಕ್ಷಿ. ಒಂದೇ ಸಮನೆ ಎರಡು ತಾಸು ನಿದ್ದೆ ಮಾಡಿ ಆಕೆಗೆ ಎಷ್ಟು ಕಾಲವಾಗಿತ್ತೋ.

ನೋಡಲು ಬರುವವರಿಗೇನೂ ಕಡಿಮೆಯಿರಲಿಲ್ಲ. ಉಡುಪಿ ಕಡೆಯ ಹೋಟೆಲಿನವರು ಮಹಾರಾಷ್ಟ್ರದಲ್ಲಿ ನಾಸಿಕದಿಂದ ಸಂಭಾಜಿನಗರದವರೆಗೂ ಇದ್ದಾರೆ. ಒಬ್ಬರಿಗೆ ಕಾಯಿಲೆಯಾದರೆ ಉಳಿದವರೆಲ್ಲ ಬಂದು ಮುಖ ತೋರಿಸಲೇಬೇಕು. ಬಂದವರು ಹೇಳುವುದು ಕಷಾಯ, ಮಾಡಿಸುವುದು ಕಾಫಿ. ನಾಸಿಕದಲ್ಲಿ ವಾರಿಜಾಕ್ಷಿಯ ಮನೆಯ ಕೆಳಗಡೆಯೇ ಇವರದೇ ಹೋಟೆಲಿದೆ, ದಿನಕ್ಕೆ ನಾನೂರು ಜನ ಉಂಡು ಹೋಗುವ ಜಾಗ. ಆದರೆ ಮೇಲೆ ಬಂದ ನೆಂಟರಿಗೆ ಅಲ್ಲಿಂದ ಒಂದು ಇಡ್ಲಿ ತರಿಸುವ ಹಾಗಿಲ್ಲ. ಹೋಟೆಲಿನವರ ಮನೆಯಲ್ಲಿ ನೆಂಟರಿಗೆ ಹೋಟೆಲ್ ಊಟ ಹಾಕಿದರೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಊರಿಗೆಲ್ಲ ಬಡಿಸುವ ಸಾಂಬಾರು ತಮ್ಮ ಎಲೆಗೆ ಬಿದ್ದರೆ ಇವರ ಮಾನ ಹೋಗುತ್ತದೆ.

ಕೃಷ್ಣರಾಜನ ತಮ್ಮ ಶ್ರೀನಿಧಿ ಸಂಭಾಜಿನಗರದ ಹೋಟೆಲು ನೋಡಿಕೊಳ್ಳುವವನು. ಅವನ ಹೆಂಡತಿ ಅಶ್ವಿತಾ ಯಾವುದೋ ಏಸಿ ಸಭಾಂಗಣದಲ್ಲಿ ಒಂದು ದಿನದ ಶಿಬಿರಕ್ಕೆ ಹೋಗಿ, ರೋಗಿಯನ್ನು ನೋಡಿಕೊಳ್ಳುವವರಿಗೂ ಬೆಂಬಲ ಬೇಕು ಎಂಬ ಮಹಾಸತ್ಯವನ್ನು ಕಂಡುಕೊಂಡು ಬಂದಳು. ಮರುದಿನವೇ ‘ವಾರಿಜಕ್ಕನ ಜೊತೆ ನಾವು’ ಎಂಬ ವಾಟ್ಸಾಪ್ ಗುಂಪು ಹುಟ್ಟಿತು. ಬೆಳಗಾದರೆ ಅದರಲ್ಲಿ ಗುಲಾಬಿ ಹೂವು, ಮುಗಿದ ಕೈ, ‘ಸ್ಟೇ ಸ್ಟ್ರಾಂಗ್’. ವಾರಿಜಾಕ್ಷಿ ಅಲ್ಲಿ ಒಮ್ಮೆ ಮಾತ್ರ ಬರೆದಳು: ಭಾನುವಾರ ಹತ್ತರಿಂದ ನಾಲ್ಕರವರೆಗೆ ಯಾರಾದರೂ ಇವರ ಹತ್ತಿರ ಕೂತರೆ ನಾನು ಮಲಗಿ ಬರುತ್ತೇನೆ. ಇಪ್ಪತ್ತಮೂರು ಹೃದಯಗಳು ಬಂದವು. ಜನ ಬಂದದ್ದು ಮೂರು ವಾರದ ಮೇಲೆ.

ಬಂದದ್ದಾದರೂ ಒಬ್ಬಿಬ್ಬರಲ್ಲ, ಕಾರು ತುಂಬ ಐದು ಜನ. ಶ್ರೀನಿಧಿ, ಅಶ್ವಿತಾ, ಅಶ್ವಿತಾಳ ತಾಯಿ, ಮಹಿಳಾ ಮಂಡಳಿಯ ಇಬ್ಬರು.

“ಅಕ್ಕ, ಇವತ್ತು ನೀವು ಎಂತದೂ ಮಾಡ್ಬೇಡಿ. ಫುಲ್ ರೆಸ್ಟ್,” ಎಂದಳು ಅಶ್ವಿತಾ, ಸೋಫಾದಲ್ಲಿ ಕಾಲು ಮಡಚಿ ಕೂತು. “ಸಿಂಪಲ್ ಆಗಿ ಅನ್ನ, ಸಾರು, ಒಂದು ಪಲ್ಯ ಸಾಕು. ಪಾಯಸ ಎಲ್ಲ ಬೇಡ.”

“ನೀರುದೋಸೆ ಆದ್ರೂ ಆಗ್ಬಹುದು ಅತ್ತಿಗೆ,” ಎಂದ ಶ್ರೀನಿಧಿ. ಎಂಥ ಔದಾರ್ಯ.

ವಾರಿಜಾಕ್ಷಿ ಆಗಲೇ ಕೈಚೀಲ ಹಿಡಿದು ಬಾಗಿಲ ಬಳಿ ನಿಂತಿದ್ದಳು. “ಊಟ ಕೆಳಗಿಂದ ಬರ್ತದೆ. ಮ್ಯಾನೇಜರ್ ಮಹಿಬೂಬನಿಗೆ ಹೇಳಿದ್ದೇನೆ, ಐದು ಥಾಲಿ.”

“ಹೋಟೆಲಿಂದಾ?” ಶ್ರೀನಿಧಿಯ ಮುಖ ಹುಳ್ಳಗಾಯಿತು.

“ನಿಮ್ಮದೇ ಹೋಟೆಲು. ಜನರಿಗೆ ಎಂತ ಹಾಕ್ತೀರಿ ಅಂತ ಒಮ್ಮೆ ತಿಂದು ನೋಡಿದ ಹಾಗೂ ಆಯ್ತು. ನಾನು ದ್ವಾರಕಾ ಸರ್ಕಲ್ ಹತ್ತಿರ ಲಾಡ್ಜಿನಲ್ಲಿ ರೂಮು ಹಿಡಿದಿದ್ದೇನೆ. ಮಲಗಲಿಕ್ಕೆ.”

ಅಶ್ವಿತಾಳ ತಾಯಿ ಎದೆಯ ಮೇಲೆ ಕೈಯಿಟ್ಟುಕೊಂಡರು. “ಲಾಡ್ಜಿನಲ್ಲಿ? ಹಗಲು ಹೊತ್ತು, ಒಬ್ಬಳೇ? ಒಳಗಿನ ಕೋಣೆಯಲ್ಲಿ ಮಲಗಿದ್ರೆ ಆಗೂದಿಲ್ವಾ?”

“ಒಳಗೆ ಮಲಗಿದ್ರೆ ಐದೈದು ನಿಮಿಷಕ್ಕೆ ಸಕ್ಕರೆ ಎಲ್ಲುಂಟು ಅಂತ ಕೇಳ್ತೀರಿ.”

ಮಂಚದ ಮೇಲಿದ್ದ ಕೃಷ್ಣರಾಜ ಗೋಡೆಯ ಕಡೆ ಮುಖ ತಿರುಗಿಸಿದ. ಇವನೊಬ್ಬ ಬಾಕಿಯಿದ್ದ, ಅಂದುಕೊಂಡಳು ವಾರಿಜಾಕ್ಷಿ. ಅವನ ಮೇಲೂ ಆಕೆಗೆ ಸಿಟ್ಟಿತ್ತು, ಅದನ್ನು ಮುಚ್ಚಿಡುವ ಶಕ್ತಿ ಈಗ ಉಳಿದಿರಲಿಲ್ಲ. ನೋವು ಅವನದು, ಒಪ್ಪೋಣ; ಅದರ ಜೀತ ತನ್ನದು. ಮೂರು ವರ್ಷದಲ್ಲಿ ‘ನೀರು’, ‘ಮೆಲ್ಲಗೆ’, ‘ಬೇಡ’ ಬಿಟ್ಟು ನಾಲ್ಕನೆಯ ಮಾತು ಅವನ ಬಾಯಿಂದ ಬಂದದ್ದು ಅಪರೂಪ.

ಲಾಡ್ಜಿನ ಹುಡುಗಿ ಮರಾಠಿಯಲ್ಲಿ “ಏಕಟ್ಯಾಚ?” ಎಂದು ಎರಡು ಸಲ ಕೇಳಿ, ಒಬ್ಬಳೇ ಎಂದು ಖಾತ್ರಿ ಮಾಡಿಕೊಂಡು ಕೀಲಿ ಕೊಟ್ಟಳು. ಹನ್ನೊಂದಕ್ಕೆ ಮಲಗಿದ ವಾರಿಜಾಕ್ಷಿ ಕಣ್ಣು ಬಿಟ್ಟಾಗ ಐದಾಗಿತ್ತು. ದಡಬಡಿಸಿ ಫೋನ್ ನೋಡಿದರೆ ಒಂದು ಕರೆಯೂ ಇಲ್ಲ. ಅದೇ ಅವಳಿಗೆ ಹೆದರಿಕೆ ಹುಟ್ಟಿಸಿತು. ಕೂತಲ್ಲಿಂದ ಏಳದ ಐದು ಜನ ಆರು ತಾಸು ತನ್ನನ್ನು ಕರೆಯದೆ ಇರುವುದುಂಟೇ? ಗುಂಪಿನಲ್ಲಿ ಒಂದು ಫೋಟೋ ಮಾತ್ರ ಇತ್ತು: ಕೃಷ್ಣರಾಜನ ಸುತ್ತ ಐವರೂ ಹಲ್ಲು ಬಿಟ್ಟು ನಿಂತಿದ್ದರು, ಕೆಳಗೆ ‘ನಮ್ಮ ಚಿಕ್ಕ ಸೇವೆ’ ಎಂಬ ಬರಹ. ಆಕೆ ಫೋಟೋವನ್ನು ಪೂರ್ತಿ ನೋಡದೆ ಆಟೋ ಹತ್ತಿದಳು.

ಸೇವೆ ಮೂರಕ್ಕೇ ಮುಗಿದಿತ್ತು, ಸಂಭಾಜಿನಗರ ದೂರವಲ್ಲವೇ. ಕೃಷ್ಣರಾಜ ಒಬ್ಬನೇ ಮಂಚದ ಅಂಚಿನಲ್ಲಿ, ಕೈಗಳನ್ನು ಮೈಯಿಂದ ದೂರ ಹಿಡಿದು ಕೂತಿದ್ದ. ಮೈಮೇಲೆ ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಅಂಗಿ, ಕತ್ತಿನವರೆಗೂ ಗುಂಡಿ. ಬಟ್ಟೆ ತಾಗಿದರೇ ಉರಿ ಕೆರಳುವ ಆ ಪಕ್ಕೆಗೆ ಮೂರು ವರ್ಷದಿಂದ ಒಂದು ಎಳೆ ನೂಲು ತಾಗಿರಲಿಲ್ಲ; ತಾನೇ ಬಿಚ್ಚೋಣವೆಂದರೆ ಕೈ ಆಡಿಸಿದಷ್ಟೂ ಅಂಗಿ ಅಲ್ಲಿಗೇ ಉಜ್ಜುತ್ತಿತ್ತು. ಹಣೆಯಿಂದ ಬೆವರು ಇಳಿದು ಕಾಲರು ಒದ್ದೆಯಾಗಿತ್ತು.

“ಯಾರು ಹಾಕಿದ್ದು ಇದನ್ನು?” ವಾರಿಜಾಕ್ಷಿ ಮಂಡಿಯೂರಿ ಕೂತು ಗುಂಡಿ ಬಿಚ್ಚತೊಡಗಿದಳು.

“ಅಶ್ವಿತಾ. ಫೋಟೋದಲ್ಲಿ ಬರಿಮೈ ಚಂದ ಕಾಣೂದಿಲ್ಲವಂತೆ.”

“ಎಷ್ಟು ಹೊತ್ತಿಗೆ?”

“ಹನ್ನೆರಡಕ್ಕೆ.”

“ಐದು ತಾಸು!” ಆಕೆ ಮುಂದಿನ ಗುಂಡಿಗೆ ಕೈ ಹಾಕಿದಳು. “ತೆಗೀರಿ ಅಂತ ಹೇಳ್ಲಿಕ್ಕೆ ಬಾಯಿ ಇರ್ಲಿಲ್ವಾ ನಿಮಗೆ?”

“ಹೇಳಿದೆ. ನೋವಾಗದ ಹಾಗೆ ಹೇಗೆ ತೆಗೆಯೂದು ಅಂತ ಕೇಳ್ಲಿಕ್ಕೆ ನಿನಗೆ ಫೋನ್ ಮಾಡ್ಲಿಕ್ಕೆ ಹೊರಟ್ರು.” ಕೃಷ್ಣರಾಜ ಉಸಿರು ಹಿಡಿದು ಬಿಟ್ಟ. “ಬೇಡ, ಈಗ ನೋವೇ ಇಲ್ಲ, ಅಂಗಿ ಇರಲಿ ಅಂದೆ. ನಿದ್ದೆ ಬಂತಾ ನಿನಗೆ?”