ಬೆದರದ ಮಗು

ನನ್ನ ಅನುಮಾನವೇ ನಿಜವಾಗಲಿ ಎಂದು ಒಳಗೊಳಗೇ ಆಸೆಪಡುತ್ತಿದ್ದೇನೆಯೇ? ಮೂರು ವಾರಗಳಿಂದ ಅಯೆಲೆನ್‌ಗೆ ಇದೇ ಭಯ. ಅಂಥ ಆಸೆ ಇಟ್ಟುಕೊಂಡವಳು ಎಂಥ ಚಿಕ್ಕಮ್ಮ? ದಿನಚರಿಯಲ್ಲೂ ಅದನ್ನು ಪೂರ್ತಿ ಬರೆಯಲು ಕೈ ಬಾರದೆ, ದಿನಕ್ಕೊಂದೆರಡು ಸಾಲು ಗೀಚಿ ಮುಚ್ಚಿಡುತ್ತಿದ್ದಳು. ‘ಸೋಮವಾರ. ಬೆನಿಯ ಬೆನ್ನ ಹಿಂದೆ ಚಮಚ ಬೀಳಿಸಿದೆ. ತಿರುಗಲಿಲ್ಲ.’ ‘ಗುರುವಾರ. ಮೂರು ಸಲ ಹೆಸರು ಕರೆದೆ. ನನ್ನ ನೆರಳು ಗೋಡೆಯ ಮೇಲೆ ಬಿದ್ದಾಗ ತಿರುಗಿದ.’

ಅಕ್ಕ ನೊಯೆಲಿಯಾಳ ಮಗ ಬೆನಿಗೆ ಎರಡು ತುಂಬಲು ಇನ್ನೊಂದು ತಿಂಗಳಿತ್ತು. ಹಿಂದಿನ ಚಳಿಗಾಲದಲ್ಲಿ ಅವನಿಗೆ ಐದು ದಿನ ಕಾದ ಹೆಂಚಿನಂಥ ಜ್ವರ ಬಂದು ಬಿಟ್ಟಿತ್ತು. ಅದಕ್ಕೆ ಮೊದಲು ‘ಅಮ್ಮ’, ‘ನೀರು’ ಎನ್ನುತ್ತಿದ್ದ ಮಗು ಆಮೇಲೆ ಆ ಎರಡು ಮಾತನ್ನೂ ಎಲ್ಲೋ ಇಟ್ಟು ಮರೆತುಬಿಟ್ಟಿತು. ಗಂಡುಮಕ್ಕಳಿಗೆ ಮಾತು ತಡ ಎಂದು ಅಮ್ಮ ನೆಲಿಡಾ ತೀರ್ಪು ಕೊಟ್ಟಿದ್ದಳು. ಒಮ್ಮೆ ಅಯೆಲೆನ್ ಪಾತ್ರೆ ಒರೆಸುತ್ತ, “ಬೆನಿನ ಒಂದ್ಸಲ ಡಾಕ್ಟ್ರಿಗೆ ತೋರಿಸೋಣ್ವಾ?” ಎಂದಿದ್ದಕ್ಕೆ ನೊಯೆಲಿಯಾಳ ಮುಖ ಕೆಂಪಗಾಗಿತ್ತು.

“ಡಿಗ್ರಿ ಮುಗ್ಸಿ ವರ್ಷ ಆಯ್ತು. ಮೊದ್ಲು ನಿನಗೊಂದು ಕೆಲಸ ಹುಡುಕ್ಕೋ. ಆಮೇಲೆ ನನ್ನ ಮಗನಿಗೆ ಕಾಯಿಲೆ ಹುಡುಕುವೆಯಂತೆ.”

ಅಂದಿನಿಂದ ಅಯೆಲೆನ್ ಬಾಯಿಗೆ ಬೀಗ ಹಾಕಿಕೊಂಡಿದ್ದಳು.

ಭೂಮಿಯ ಆ ದಕ್ಷಿಣ ತುದಿಯಲ್ಲಿ ಏಪ್ರಿಲ್ ಎಂದರೆ ಶರತ್ಕಾಲ. ಅದರ ಮೊದಲ ಭಾನುವಾರ, ಪ್ರತಿ ವರ್ಷದಂತೆ, ಎಲ್ಲರೂ ಅಮ್ಮನ ಅಣ್ಣ ಒವಿಡಿಯೊ ಮಾವನ ಸೇಬಿನ ತೋಟಕ್ಕೆ ಹೊರಟರು. ರಿಯೊ ನೆಗ್ರೊ ಕಣಿವೆಯಲ್ಲಿ ಕೊಯ್ಲು ಮುಗಿಯುತ್ತ ಬಂದಿತ್ತು. ಗಾಳಿ ತಡೆಯಲು ಬೆಳೆಸಿದ ಪಾಪ್ಲರ್ ಮರಗಳ ಗೋಡೆ ಹಳದಿಗೆ ತಿರುಗಿತ್ತು. ತೋಟದಂಚಿನ ಕಾಲುವೆಯಲ್ಲಿ ಚಳಿಗಾಲಕ್ಕೆಂದು ನೀರು ನಿಲ್ಲಿಸಲು ಇನ್ನೂ ಕೆಲವು ವಾರಗಳಿದ್ದವು. ಮನೆಯವರಿಗೆಂದೇ ಮಾವ ಒಂದು ಸಾಲು ಮರ ಕೊಯ್ಯದೆ ಬಿಟ್ಟಿದ್ದ.

“ಬಾರೋ ಡುಮ್ಮ!” ಎಂದು ಮಾವ ಬೆನಿಯನ್ನು ಎತ್ತಿ ಗಾಳಿಗೆ ತೂರಿ ಹಿಡಿದ. ಬೆನಿ ಕೇಕೆ ಹಾಕಿ ನಕ್ಕ. ಕೆಳಗಿಳಿಸಿದ್ದೇ ತಡ, ಉದುರಿದ ಹಣ್ಣೊಂದನ್ನು ಎರಡು ಕೈಯಲ್ಲಿ ಹಿಡಿದು ಕಚ್ಚತೊಡಗಿದ. ನೊಯೆಲಿಯಾಳ ಗಂಡ ಗಸ್ತೋನ್ ಏಣಿ ಹತ್ತಿದ. ನೆಲಿಡಾ ಮರದಡಿ ಕುಳಿತು ಮಾಟೆ ಕಷಾಯಕ್ಕೆ ಬಿಸಿನೀರು ಬಗ್ಗಿಸುತ್ತಿದ್ದಳು.

ಆಗ ತೋಪು ಹಾರಿತು.

ಗಿಳಿಹಿಂಡು ಓಡಿಸಲು ಸಾಲಿನ ಕೊನೆಗೆ ಇಟ್ಟಿದ್ದ ಗ್ಯಾಸಿನ ತೋಪು ಅದು. ಹೇಳಲು ಮಾವ ಮರೆತಿದ್ದ. ಸದ್ದಿಗೆ ದೊಡ್ಡವರೆಲ್ಲ ಹಾರಿಬಿದ್ದರು. ನೆಲಿಡಾ ಬಿಸಿನೀರು ಚೆಲ್ಲಿಕೊಂಡು ಶಿಲುಬೆಯ ಗುರುತು ಹಾಕಿಕೊಂಡಳು. ನಾಯಿ ಬಾಲ ಮುದುರಿ ಗಾಡಿಯ ಕೆಳಗೆ ನುಗ್ಗಿತು.

“ಮಾವ, ಇನ್ನೊಂದ್ಸಲ ಹಿಂಗ್ ಹೊಡೆದ್ರೆ ಸೇಬಿನ ಜೊತೆ ನಾನೂ ಉದುರ್ತೀನಿ!” ಎಂದು ಗಸ್ತೋನ್ ಕೊಂಬೆ ತಬ್ಬಿಕೊಂಡು ಕೂಗಿದ.

ಬೆನಿ ಹಣ್ಣು ತಿನ್ನುತ್ತಲೇ ಇದ್ದ. ರಸ ಗಲ್ಲದಿಂದ ಇಳಿಯುತ್ತಿತ್ತು.

“ನೋಡ್ರೋ, ಗಂಡೆದೆ ಅಂದ್ರೆ ಇದು!” ಮಾವ ತೊಡೆ ತಟ್ಟಿದ. “ನಾವೆಲ್ಲ ಕಪ್ಪೆ ಹಾರ್ದಂಗೆ ಹಾರಿದ್ವಿ. ಇವನು ಕಣ್ಣೂ ಪಿಳುಕಿಸ್ಲಿಲ್ಲ!”

“ಅವರಜ್ಜನ ರಕ್ತ,” ಎಂದಳು ನೆಲಿಡಾ, ಶಾಲಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತ. “ಅಡುಗೆಮನೆಗೆ ಬೆಂಕಿ ಬಿದ್ದಾಗ್ಲೂ ಕೈಲಿದ್ದ ಮಾಟೆ ಮುಗಿಸೇ ಎದ್ದ ಮನುಷ್ಯ.”

ಎಲ್ಲರೂ ಚಪ್ಪಾಳೆ ತಟ್ಟಿದರು. ನೊಯೆಲಿಯಾಳೂ ನಕ್ಕಳು. ಆದರೆ ಅವಳ ನಗು ಒಂದು ಕ್ಷಣ ತಡವಾಗಿ ಬಂದದ್ದನ್ನು ಅಯೆಲೆನ್ ಕಂಡಳು. ಹಾಗಾದರೆ ಅಕ್ಕನಿಗೂ ಅನುಮಾನವಿದೆಯೇ?

“ಅಮ್ಮ...” ಎಂದಳು.

“ಏನೇ?”

“ಏನಿಲ್ಲ. ನೀರು ಚೆಲ್ಲಿದೆ, ನೋಡ್ಕೊಂಡು ಕೂತ್ಕೋ.”

ಊಟದ ಹೊತ್ತಿಗೆ ಮಾಂಸ ಕೆಂಡದ ಮೇಲೆ ಚುರುಗುಟ್ಟತೊಡಗಿತ್ತು. ಬೆನಿ ಅಜ್ಜಿಯ ಹತ್ತಿರ ಇದ್ದಾನೆಂದು ಅವನಮ್ಮ ತಿಳಿದಳು. ಅಪ್ಪನ ಹತ್ತಿರವೆಂದು ಅಜ್ಜಿ ತಿಳಿದಳು. ಅಯೆಲೆನ್ ತಟ್ಟೆ ತರಲು ಹೋಗಿದ್ದಳು. ಬಂದು ನೋಡಿದರೆ ಮಗು ಕೂತಿದ್ದ ಕಂಬಳಿಯ ಮೇಲೆ ಅರ್ಧ ಕಚ್ಚಿದ ರೊಟ್ಟಿ ಮಾತ್ರ ಇತ್ತು.

“ಬೆನಿ ಎಲ್ಲಿ?”

ಆ ಒಂದು ಪ್ರಶ್ನೆಗೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಮರುಗಳಿಗೆ ಗಸ್ತೋನ್ ಕೈಲಿದ್ದ ಚಾಕು ಬಿಸಾಕಿ ಕಾಲುವೆಯ ಕಡೆಗೆ ಓಡಿದ.

“ಬೆನೀ! ಪುಟ್ಟಾ! ಬೆನೀ!” ನೊಯೆಲಿಯಾಳ ದನಿ ಮೊದಲ ಕೂಗಿಗೇ ಒಡೆಯಿತು.

“ಎಲ್ಲಾ ಒಟ್ಟಿಗೆ ಅರಚ್ಬೇಡ್ರಿ,” ಎಂದು ಮಾವ ಎರಡೂ ಕೈ ಎತ್ತಿದ. “ಒಬ್ರು ಕೂಗಿ. ಮಿಕ್ಕವ್ರು ನಿಂತಲ್ಲೇ ನಿಂತು ಕಿವಿ ಕೊಡಿ. ಅತ್ರೆ, ಉಂ ಅಂದ್ರೆ, ಕೇಳೇ ಕೇಳ್ತದೆ. ತೋಟದಲ್ಲಿ ಕಳೆದ ಮಕ್ಕಳನ್ನ ಹಿಂಗೇ ಹುಡುಕೋದು.”

ಒಳ್ಳೆಯ ಉಪಾಯವೇ. ಬೇರೆ ಯಾವ ಮಗುವಿಗಾದರೂ ಸರಿ. ನೆಲಿಡಾ ಕೂಗಿದಳು. ಎಲ್ಲರೂ ಉಸಿರು ಬಿಗಿಹಿಡಿದು ನಿಂತರು. ಎಲೆ ಸರಸರ ಎಂದಿತು. ಮತ್ತೆ ಕೂಗಿದಳು. ಮತ್ತೆ ನಿಂತರು. ಹೀಗೆ ನಿಂತಷ್ಟು ಹೊತ್ತೂ ಮಗು ಎಲ್ಲೋ ನಡೆಯುತ್ತಲೇ ಇದೆ ಎಂದು ಅಯೆಲೆನ್‌ಗೆ ಗೊತ್ತಿತ್ತು.

ಶೆಡ್ಡಿನ ಕಡೆಯಿಂದ ಟ್ರ್ಯಾಕ್ಟರಿನ ಸದ್ದು ಕೇಳಿಬಂತು. ಸೋಮವಾರ ಲಾರಿ ಬರುವುದೆಂದು ಆಳು ಹೊನೊರಿಯೊ ಅಂದೂ ಹಣ್ಣಿನ ದೊಡ್ಡ ಪೆಟ್ಟಿಗೆಗಳನ್ನು ಸಾಗಿಸುತ್ತಿದ್ದ. ಟ್ರ್ಯಾಕ್ಟರಿನ ಮುಂದೆ ಎತ್ತಿ ಹಿಡಿದ ಎರಡೆರಡು ಪೆಟ್ಟಿಗೆ, ಒಂದರ ಮೇಲೊಂದು. ಅದರ ಆಚೆಗೆ ಅವನಿಗೆ ಏನೂ ಕಾಣದು.

“ಮಾವ, ಟ್ರ್ಯಾಕ್ಟರ್ ನಿಲ್ಸೋಕೆ ಹೇಳಿ,” ಎಂದಳು. ದನಿ ಪಕ್ಕದಲ್ಲಿದ್ದ ಅವನಿಗಷ್ಟೇ ಕೇಳಿಸುವಷ್ಟಿತ್ತು.

“ಸಾಲಿಗೊಂದು ಹಾರ್ನ್ ಹೊಡೀತಾನೆ ಮಗಳೇ. ಆ ಸದ್ದಿಗೆ ಕುರಿನೂ ದಾರಿ ಬಿಡ್ತದೆ. ಸುಮ್ನಿರು, ಕಿವಿ ಕೊಡು.”

ಅಯೆಲೆನ್ ಅಕ್ಕನ ಕಡೆ ನೋಡಿದಳು. ನೊಯೆಲಿಯಾ ಕಣ್ಣು ಮುಚ್ಚಿ, ತಲೆ ವಾಲಿಸಿ, ಮಗನ ದನಿಗಾಗಿ ಕಾಯುತ್ತಿದ್ದಳು. ಆ ಮುಖದ ಮುಂದೆ ಮಾತು ಹೊರಡಲಿಲ್ಲ. ಅಯೆಲೆನ್ ಓಡಿದಳು.

“ಎಲ್ಲಿಗೇ? ಇಲ್ಲಿ ನಿಲ್ಲು ಅಂದ್ರೆ!” ಅಮ್ಮ ಹಿಂದಿನಿಂದ ಗದರಿದಳು.

ಸಾಲು, ಸಾಲು, ಮತ್ತೆ ಸಾಲು. ಎದ್ದು ನಿಂತರೆ ಎಲೆಗಳೇ ಕಾಣುತ್ತಿದ್ದವು. ಅವಳು ನೆಲಕ್ಕೆ ಕೆನ್ನೆ ತಾಗಿಸಿ ಮರಗಳ ಬುಡದ ನಡುವೆ ನೋಡಿದಳು. ಮೂರು ಸಾಲಿನಾಚೆ ಬೆನಿಯ ನೀಲಿ ಬೂಟು ಎರಡು. ಅದೇ ಸಾಲಿನ ತಲೆಗೆ ಟ್ರ್ಯಾಕ್ಟರು ತಿರುಗುತ್ತಿತ್ತು. ಹಾರ್ನು ಉದ್ದಕ್ಕೆ ಬಡಿದುಕೊಂಡಿತು. ಬೂಟು ಅಲುಗಲಿಲ್ಲ.

ಮರಗಳಿಗೆ ಕಟ್ಟಿದ ತಂತಿಯ ಕೆಳಗೆ ತೂರಿದಳು. ಅಂಗಿ ಪರ್ರೆಂದು ಹರಿಯಿತು. ಮಗು ಟ್ರ್ಯಾಕ್ಟರಿಗೆ ಬೆನ್ನು ಹಾಕಿ ಕೂತು, ಎರಡು ಅಂಗೈಯನ್ನೂ ನೆಲಕ್ಕೆ ಒತ್ತಿ, ಅದರ ನಡುಕಕ್ಕೆ ಒಬ್ಬನೇ ನಗುತ್ತಿದ್ದ. ಟ್ರ್ಯಾಕ್ಟರಿಗಿಂತ ಮೊದಲು ಅವನನ್ನು ತಲುಪುವುದು ಆಗದ ಮಾತು. ಅಯೆಲೆನ್ ಕೈಗೆ ಸಿಕ್ಕ ಸೇಬನ್ನು ಎತ್ತಿ, ಪೆಟ್ಟಿಗೆಗಳ ಪಕ್ಕದಿಂದ ಹೊನೊರಿಯೊನ ಕಡೆ ಬೀಸಿ ಒಗೆದಳು. ಅದು ಅವನ ಭುಜಕ್ಕೆ ಬಡಿಯಿತು.

“ಯಾರೇ ಅವಳು ಹುಚ್ಚಿ!” ಎಂದು ಬೈಯುತ್ತ ಅವನು ಬ್ರೇಕು ತುಳಿದ. ಎಂಜಿನ್ ಗಕ್ಕೆಂದು ನಿಂತಿತು. ಮಗುವಿಗೂ ಪೆಟ್ಟಿಗೆಗೂ ನಡುವೆ ನಾಲ್ಕು ಹೆಜ್ಜೆ. ಇಳಿದು ಮುಂದೆ ಬಂದ ಹೊನೊರಿಯೊ ಟೋಪಿ ತೆಗೆದು, ಅಲ್ಲೇ ಕುಸಿದು ಕೂತ.

ನೆಲದ ನಡುಕ ನಿಂತದ್ದಕ್ಕೆ ಬೆನಿ ಮಣ್ಣನ್ನು ಎರಡು ಸಲ ತಟ್ಟಿ ನೋಡಿದ.

ಅಷ್ಟರಲ್ಲಿ ಉಳಿದವರೂ ಏದುಸಿರು ಬಿಡುತ್ತ ಬಂದರು. ನೊಯೆಲಿಯಾ ಮಗನ ರಟ್ಟೆ ಹಿಡಿದು ಎಳೆದು ನಿಲ್ಲಿಸಿದಳು.

“ಎಷ್ಟು ಕೂಗ್ದೆ ನಿನ್ನ! ಗಂಟಲು ಹರಿದೋಯ್ತು! ಕೇಳ್ಸಿದ್ರೂ ಬೇಕಂತ್ಲೇ ಸುಮ್ನಿರ್ತೀಯಾ? ಹಾಂ?”

“ಕೊಡು ಎರಡು,” ಎಂದಳು ನೆಲಿಡಾ, ಎದೆ ನೀವಿಕೊಳ್ಳುತ್ತ. “ಹಟ ಕಲ್ತಿದಾನೆ.”

ಬೆನಿ ಅಮ್ಮನ ತುಟಿಗಳನ್ನೇ ನೋಡುತ್ತಿದ್ದ. ಅವು ಅಷ್ಟು ಜೋರಾಗಿ ಯಾಕೆ ಅಲ್ಲಾಡುತ್ತಿವೆ ಎಂದು ತಿಳಿಯದೆ, ಅವಳನ್ನು ಖುಷಿಪಡಿಸಲು ಒಂದಿಷ್ಟು ನಕ್ಕ. ಆ ನಗುವಿಗೆ ನೊಯೆಲಿಯಾಳ ಕೈ ಮೇಲೆದ್ದಿತು.

ಅಯೆಲೆನ್ ಆ ಮಣಿಕಟ್ಟನ್ನು ಹಿಡಿದಳು. ಬಿಡಿಸಿಕೊಳ್ಳಲು ನೊಯೆಲಿಯಾ ಕೊಸರಿದಳು. ಅವಳು ಬಿಡಲಿಲ್ಲ.

“ಹೊಡೀಬೇಡ ನೊಯೆ,” ಎಂದಳು, ಎಲ್ಲರಿಗೂ ಕೇಳುವಂತೆ. “ಅವನಿಗೆ ಕಿವಿ ಕೇಳ್ಸಲ್ಲ.”