ಜ್ಯೋತಿಯ ಮೊಣಕಾಲಿನ ಬಾವು

ದೇಶನೂರಿನಲ್ಲಿ ಭತ್ತ ಬೆಳೆಯುವ ಅಂಜಿನಪ್ಪನ ಮಗಳು ಜ್ಯೋತಿ. ಹನ್ನೊಂದು ವರ್ಷ. ಮೊಣಕಾಲು ನೋಯುತ್ತದೆ ಎಂದಾಗ, ಆಡುವಾಗ ಬಿದ್ದಿರಬೇಕೆಂದು ಮನೆಯವರು ಸುಮ್ಮನಾದರು. ವಾರಗಳು ಕಳೆದರೂ ನೋವು ಹೋಗಲಿಲ್ಲ. ಮೊಣಕಾಲಿನ ಮೇಲೆ ಬಾವು ಬಂತು. ರಾತ್ರಿ ನೋವಿಗೆ ಎಚ್ಚರವಾಗಿ ಅಳತೊಡಗಿದಳು.

"ನರ ಹಿಡಕಂಡಿರಬೇಕು. ಎಣ್ಣಿ ಹಚ್ಚಿ ತಿಕ್ಕಿಸಿಕೊಂಡು ಬರ್ತೀನಿ," ಎಂದ ಅಂಜಿನಪ್ಪ.

ಪಕ್ಕದ ಮನೆಯ ಅಂಗನವಾಡಿ ಟೀಚರ್ ಸುವರ್ಣಮ್ಮ ತಡೆದಳು. "ತಿಕ್ಕಿಸಬ್ಯಾಡಣ್ಣ. ಎಲುಬಿನಾಗ ಏನೈತಿ ಅಂತ ಕೈಗೆ ಹೆಂಗ ಗೊತ್ತಾಗ್ತೈತಿ? ಮೊದ್ಲು ಎಕ್ಸ್‌ರೇ ತೆಗಿಸು."

ಸಿರುಗುಪ್ಪದಲ್ಲಿ ಎಕ್ಸ್‌ರೇ ನೋಡಿದ ಡಾಕ್ಟರ್, "ಎಲುಬಿನಾಗ ಗಡ್ಡಿ ಇದ್ದಂಗ ಕಾಣ್ತೈತಿ. ಬಳ್ಳಾರಿಗೆ ಹೋಗಿ ಎಂಆರ್‌ಐ ಮಾಡಿಸ್ರಿ. ತಡ ಮಾಡಬ್ಯಾಡ್ರಿ," ಎಂದರು.

ಅಂಜಿನಪ್ಪ ಹೆದರಿದ. "ಆ ಮಿಷಿನ್ನಾಗ ಕೂಸಿಗೆ ಕರೆಂಟ್ ಹೊಡಿತೈತಂತ!"

"ನನ್ನ ಬೆನ್ನಿಗೂ ಮಾಡ್ಯಾರಣ್ಣ," ಎಂದಳು ಸುವರ್ಣಮ್ಮ. "ಅದು ಆಯಸ್ಕಾಂತದ ಮಿಷಿನ್. ಡಬಡಬ ಸದ್ದು ಮಾಡ್ತೈತಿ, ನೋವಾಗಂಗಿಲ್ಲ. ಅಲುಗಾಡದಂಗ ಮಲಗಿದ್ರ ಸಾಕು."

ಬಳ್ಳಾರಿಯ ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ಜ್ಯೋತಿ ತಾಯಿ ಗಾದೆಮ್ಮನ ಸೆರಗು ಬಿಡಲಿಲ್ಲ.

"ನೀವೂ ಒಳಗ ಬರ್ರಿ ಅಕ್ಕಾರ," ಎಂದಳು ಸ್ಕ್ಯಾನ್ ಮಾಡುವ ಶೀಲಾ. "ಆದ್ರ ಬಳಿ, ಕಾಲುಂಗರ, ತಾಳಿ ಎಲ್ಲಾ ಬಿಚ್ಚಿಡಬೇಕು."

ಗಾದೆಮ್ಮನ ಕೈ ಕೊರಳ ಹತ್ತಿರವೇ ನಿಂತಿತು. ಅಂಜಿನಪ್ಪ ಅಂಗೈ ಚಾಚಿದ. "ಕೊಡು. ನಾನ ಕಟ್ಟಿದ್ದು, ನಾನ ಇಟ್ಕಂಡಿರ್ತೀನಿ. ನೀನು ಕೂಸಿನ ಕೂಡ ಹೋಗು."

ಗಡ್ಡೆಯ ಚೂರು ತೆಗೆದು ಪರೀಕ್ಷಿಸಿದಾಗ ಮೂಳೆ ಕ್ಯಾನ್ಸರ್ ಎಂದು ಖಚಿತವಾಯಿತು. ಮಕ್ಕಳಲ್ಲಿ ಇದು ತೀರ ಅಪರೂಪ. ಶ್ವಾಸಕೋಶಕ್ಕೆ ಹರಡಿದೆಯೇ ಎಂದು ಎದೆಯನ್ನೂ ಸ್ಕ್ಯಾನ್ ಮಾಡಿದರು. ಗಂಡ ಹೆಂಡತಿ ಹೊರಗೆ ಕಾದು ಕುಳಿತರು.

ಬಳ್ಳಾರಿಯ ಡಾಕ್ಟರ್ ನಗುತ್ತಲೇ ಬಂದರು. "ಎಲ್ಲೂ ಹರಡಿಲ್ಲ. ಗಡ್ಡಿ ಎಲ್ಲೀತನ ಐತಿ ಅಂತ ಸ್ಕ್ಯಾನಿನಾಗ ಸ್ಪಷ್ಟ ಕಾಣ್ತೈತಿ. ಮೊದ್ಲು ಔಷಧ, ಆಮ್ಯಾಲೆ ಆಪರೇಷನ್. ಕಾಲು ಉಳಿಸಬಹುದು."

ಅಂಜಿನಪ್ಪ ಗೋಡೆಗೆ ಒರಗಿ ಮಗುವಿನಂತೆ ಅತ್ತ. ಗಾದೆಮ್ಮ ಅವನ ಭುಜ ಹಿಡಿದಳು. "ಏಳು, ಚಾ ಕುಡಿಯೋಣ. ಹೊಟ್ಟಿಗೇನೂ ಬಿದ್ದಿಲ್ಲ."

ಚಿಕಿತ್ಸೆ ಸುಲಭವಿರಲಿಲ್ಲ. ಜ್ಯೋತಿಯ ಕೂದಲು ಉದುರಿತು, ಶಾಲೆ ತಪ್ಪಿತು. ಈಗ ಕೂದಲು ಮತ್ತೆ ಬೆಳೆದು ಜಡೆಗೆ ಸಿಗುತ್ತಿದೆ. ಸ್ವಲ್ಪ ಕುಂಟುತ್ತಾಳೆ, ಆದರೂ ಶಾಲೆಗೆ ತಾನೇ ನಡೆದು ಹೋಗುತ್ತಾಳೆ. ಮೊನ್ನೆಯ ಸ್ಕ್ಯಾನಿನಲ್ಲೂ ಏನೂ ಕಾಣಲಿಲ್ಲ.

ತಾಯಂದಿರೇ, ತಂದೆಯರೇ, ಮಕ್ಕಳ ಕೈಕಾಲು ನೋವೆಲ್ಲ ಕ್ಯಾನ್ಸರ್ ಅಲ್ಲ. ಆದರೆ ನೋವು ಎರಡು ವಾರವಾದರೂ ಹೋಗದಿದ್ದರೆ, ನಿದ್ದೆ ಕೆಡಿಸಿದರೆ, ಬಾವು ಬೆಳೆಯುತ್ತಿದ್ದರೆ ತಿಕ್ಕಿಸಬೇಡಿ, ಪಟ್ಟು ಕಟ್ಟಿಸಬೇಡಿ. ಹತ್ತಿರದ ಆಸ್ಪತ್ರೆಗೆ ಹೋಗಿ ಎಕ್ಸ್‌ರೇ ತೆಗೆಸಿ. ಡಾಕ್ಟರ್ ಮುಂದಿನ ಸ್ಕ್ಯಾನ್ ಮಾಡಿಸಲು ಹೇಳಿದರೆ ಹೆದರಿ ಮನೆಗೆ ಮರಳಬೇಡಿ. ನಿಮ್ಮ ಮಗುವಿನ ಕೈ ಹಿಡಿದು ಒಳಗೆ ಹೋಗಿ.